‘ಷೀ’ ಎಂಬ ಸರ್ವನಾಮದ ಪ್ರಯೋಗವಿಚಾರ

ಆಲೆಮರದ ತುಂಡನ್ನು ಲೇತಿಗೆ ಕೊಟ್ಟು ತಿರುಗಿಸಿ, ಅರಗಿನ ಬಣ್ಣವನ್ನು ಅದಕ್ಕೆ ಹತ್ತಿಸಿ, ನುಣುಪಾದ ಬೊಂಬೆಗಳನ್ನು ಲೋಕಕ್ಕೆ ಕೊಡುತ್ತ ಬಂದಿರುವ ಚನ್ನಪಟ್ಟಣದಲ್ಲಿ ಇಂಗ್ಲಿಷು ಈಗ ಕಾಲೇಜಿನ ವಿದ್ಯಾರ್ಥಿಗಳಿಗೆ ಮಾತ್ರ ಬೇಕಾದ ಭಾಷೆಯಾಗಿ ಉಳಿದಿಲ್ಲ. ಅಂಗಡಿಯ ಮುಂದೆ ಬಂದು ನಿಲ್ಲುವ ಪರದೇಶದ ಗಿರಾಕಿಗೆ ಬೊಂಬೆಯ ವಿವರ ಹೇಳಬೇಕಾದವರಿಗೂ, ದೂರದ ವರ್ತಕರೊಡನೆ ಪತ್ರವ್ಯವಹಾರ ನಡೆಸುವವರಿಗೂ, ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಚೇರಿಗಳಿಗೆ ಹೋಗಿಬರುವ ತರುಣ ತರುಣಿಯರಿಗೂ, ಮಗಳಿಗೆ ಜ್ವರ ಬಂದಿದೆಯೆಂದು ಶಾಲೆಯ ಡೈರಿಯಲ್ಲಿ ಎರಡು ವಾಕ್ಯ ಬರೆದು ಕಳುಹಿಸಬೇಕಾದ ತಾಯಿಗೂ ಅದು ನಿತ್ಯದ ಅಗತ್ಯವಾಗಿದೆ. ಈ ವ್ಯವಹಾರದಲ್ಲಿ ಆಕಾರದಿಂದ ಅತ್ಯಲ್ಪವಾಗಿದ್ದೂ ಹೆಜ್ಜೆಹೆಜ್ಜೆಗೆ ನಮ್ಮವರನ್ನು ಎಡವಿಸುವ ಪದವೊಂದುಂಟು. ಅದು ಸ್ತ್ರೀಲಿಂಗದ ಏಕವಚನ ಸರ್ವನಾಮವಾದ ‘ಷೀ’. ಅದರ ಅರ್ಥವೇನು, ಎಲ್ಲಿ ಹೇಗೆ ಅದನ್ನು ಪ್ರಯೋಗಿಸತಕ್ಕದ್ದು, ಅದನ್ನು ಕನ್ನಡಕ್ಕೆ ತರುವಾಗ ಯಾವ ಎಚ್ಚರ ಬೇಕು ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ವಾಚಕರಿಗೆ ಉಪಯೋಗವಾದೀತೆಂದು ನಂಬಿದ್ದೇನೆ.

‘ಷೀ’ ಎಂದರೆ ‘ಅವಳು’ ಎಂದು ಶಾಲೆಯ ಪಾಠದಲ್ಲಿ ಎಲ್ಲರೂ ಕಲಿತಿದ್ದೇವೆ. ಇದು ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ. ಕನ್ನಡದ ‘ಅವಳು’ ಎಂಬ ಮಾತಿನಲ್ಲಿ ಹೆಂಗಸೆಂಬ ಅರ್ಥದ ಜತೆಗೆ, ಆಡುವವರು ಆ ಹೆಂಗಸಿಗಿಂತ ಹಿರಿಯರೋ, ಓರಗೆಯವರೋ, ಸಲಿಗೆಯುಳ್ಳವರೋ ಆಗಿದ್ದಾರೆಂಬ ಸೂಚನೆಯೂ ಬೆರೆತಿದೆ. ‘ಷೀ’ ಎಂಬುದರಲ್ಲಿ ಲಿಂಗದ ಸೂಚನೆಯೊಂದೇ ಉಂಟು. ಗೌರವವೂ ಇಲ್ಲ, ಅಗೌರವವೂ ಇಲ್ಲ. ನಮ್ಮ ಸೀಮೆಯ ಮಾತನ್ನು ಕಿವಿಗೊಟ್ಟು ಕೇಳಿದರೆ ಈ ಭೇದ ತಾನಾಗಿ ವಿಶದವಾಗುತ್ತದೆ. ತೊಟ್ಟಿಲಲ್ಲಿರುವ ಹೆಣ್ಣುಮಗು ನಮಗೆ ‘ಅದು’. ‘ಹುಡುಗಿ ಬಂತು’ ಎಂದು ಬೆಳೆದವಳನ್ನು ಕುರಿತೂ ಪ್ರೀತಿಯಿಂದ ಹೇಳುವುದುಂಟು. ಜತೆಯಲ್ಲಿ ಓದಿದ ಗೆಳತಿ ‘ಅವ್ಳು’. ಪಕ್ಕದ ಬೀದಿಯ, ಹೆಚ್ಚು ಪರಿಚಯವಿಲ್ಲದ ಗೃಹಿಣಿ ‘ಆಯಮ್ಮ’. ಪತ್ರಿಕೆಯ ಬರಹದಲ್ಲಿ ಅವರೇ ‘ಆಕೆ’. ಅತ್ತೆ, ಅಜ್ಜಿ, ಶಾಲೆಯ ಮೇಡಂ, ಆಸ್ಪತ್ರೆಯ ಡಾಕ್ಟರಮ್ಮ ಇವರೆಲ್ಲರೂ ‘ಅವ್ರು’. ವಯಸ್ಸು, ಸಂಬಂಧ, ಸ್ಥಾನ, ಪರಿಚಯ ಇವುಗಳನ್ನೆಲ್ಲ ತೂಗಿ ನೋಡಿ, ಒಂದು ಕ್ಷಣದಲ್ಲಿ ನಾವು ಆರಿಸಿಕೊಳ್ಳುವ ಈ ಐದಾರು ರೂಪಗಳಿಗೂ ಇಂಗ್ಲಿಷಿನಲ್ಲಿರುವುದು ‘ಷೀ’ ಎಂಬ ಒಂದೇ ರೂಪ.

ಉದಾಹರಣೆಗೆ, ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮಕ್ಕೆ ಸೇರಿದವರೂ, 1955ರಲ್ಲಿ ‘ಮಹಾಕವಿ ಕಾಳಿದಾಸ’ ಚಿತ್ರದಿಂದ ಬೆಳಕಿಗೆ ಬಂದವರೂ, 1969ರಲ್ಲಿ ಪದ್ಮಶ್ರೀಯನ್ನೂ 1992ರಲ್ಲಿ ಪದ್ಮಭೂಷಣವನ್ನೂ ಪಡೆದವರೂ ಆದ ಬಿ. ಸರೋಜಾದೇವಿಯವರ ವಿಷಯವಾಗಿ ಬರೆಯಹೊರಟವರ ಸ್ಥಿತಿಯನ್ನು ನೆನೆಯಿರಿ. 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಕುರಿತು ಕನ್ನಡದಲ್ಲಿ ಬರೆಯುವಾಗ, ನಟಿಯ ಮಾತು ಬಂದೆಡೆ ‘ಅವರು ಅಭಿನಯಿಸಿದರು’ ಎಂದೂ, ಕಥೆಯೊಳಗಿನ ರಾಣಿಯ ಮಾತು ಬಂದೆಡೆ ‘ಆಕೆ ಕತ್ತಿ ಹಿಡಿದಳು’ ಎಂದೂ ಬರೆಯುತ್ತೇವೆ. ಸರ್ವನಾಮವನ್ನೂ ಕ್ರಿಯಾಪದದ ತುದಿಯನ್ನೂ ನೋಡಿದೊಡನೆಯೇ ನಟಿ ಯಾರು, ಪಾತ್ರ ಯಾವುದು ಎಂಬುದು ಓದುಗರಿಗೆ ತಿಳಿಯುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಇಬ್ಬರೂ ‘ಷೀ’. ಆದುದರಿಂದ ಅಲ್ಲಿ ಪ್ರತಿ ತಿರುವಿನಲ್ಲಿಯೂ ಹೆಸರನ್ನು ಮತ್ತೆ ಹೇಳಬೇಕಾಗುತ್ತದೆ. ಒಂದು ಪರಿಚ್ಛೇದದಲ್ಲಿ ಇಬ್ಬರು ಸ್ತ್ರೀಯರ ಪ್ರಸಂಗವಿದ್ದರೆ ‘ಷೀ’ಯನ್ನು ಒಬ್ಬರಿಗೆ ಮಾತ್ರ ಮೀಸಲಿಟ್ಟು ಇನ್ನೊಬ್ಬರನ್ನು ಹೆಸರಿನಿಂದಲೇ ಕರೆಯುವುದು ಉತ್ತಮ ಮಾರ್ಗ.

ನಮ್ಮವರು ಮಾಡುವ ಮೊದಲನೆಯ ತಪ್ಪು ಗೌರವದಿಂದಲೇ ಹುಟ್ಟುತ್ತದೆ. ‘ನಮ್ಮ ತಾಯಿ ಬಂದಿದ್ದಾರೆ, ಅವರು ಒಳಗಿದ್ದಾರೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ, ತಾಯಿಗೆ ಏಕವಚನ ಹಾಕಲು ಮನಸ್ಸು ಒಪ್ಪದೆ, ‘ಮೈ ಮದರ್ ಹ್ಯಾಸ್ ಕಮ್, ದೇ ಆರ್ ಇನ್‌ಸೈಡ್’ ಎಂದುಬಿಡುತ್ತಾರೆ. ಕೇಳಿದ ಪರಕೀಯನಿಗೆ ಒಳಗೆ ಹಲವರು ಇದ್ದಾರೆಂದು ತೋರುವುದೇ ಹೊರತು ತಾಯಿಯ ಮೇಲಿನ ಗೌರವ ತೋರುವುದಿಲ್ಲ. ತಾಯಿಯಾಗಲಿ, ಗುರುವಾಗಲಿ, ರಾಷ್ಟ್ರಪತಿಯಾಗಲಿ, ಒಬ್ಬ ಸ್ತ್ರೀಯನ್ನು ಕುರಿತು ಹೇಳುವಾಗ ‘ಷೀ’ ಎಂದೇ ಹೇಳತಕ್ಕದ್ದು; ಅದರಿಂದ ಯಾರ ಮರ್ಯಾದೆಗೂ ಕುಂದು ಬರುವುದಿಲ್ಲ. ಗೌರವವನ್ನು ಸೂಚಿಸಲು ಇಂಗ್ಲಿಷು ಬೇರೆ ಉಪಾಯಗಳನ್ನು ಇಟ್ಟುಕೊಂಡಿದೆ: ಹೆಸರಿನ ಹಿಂದೆ ಮಿಸೆಸ್, ಮಿಸ್, ಡಾಕ್ಟರ್, ಪ್ರೊಫೆಸರ್ ಮೊದಲಾದ ಉಪಾಧಿಗಳನ್ನು ಸೇರಿಸುವುದು, ವಿನಯದ ಕ್ರಿಯಾರೂಪಗಳನ್ನು ಬಳಸುವುದು, ಧ್ವನಿಯನ್ನು ಮೃದುಗೊಳಿಸುವುದು. ವಿವಾಹದ ವಿಚಾರ ತಿಳಿಯದಿದ್ದಾಗ, ಅಥವಾ ಅದನ್ನು ಎತ್ತುವುದು ಅನವಶ್ಯಕವೆಂದು ತೋರಿದಾಗ ‘ಮಿಜ್’ ಎಂಬ ಉಪಾಧಿ ನಿರಪಾಯವಾದದ್ದು. ಇನ್ನೊಂದು ಶಿಷ್ಟಾಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಬ್ಬ ಮಹಿಳೆ ನಮ್ಮ ಎದುರಿಗೇ ನಿಂತಿರುವಾಗ ಅವರತ್ತ ಕೈತೋರಿ ಮೊದಲ ಮಾತಿಗೇ ‘ಷೀ’ ಎನ್ನುವುದು ಇಂಗ್ಲಿಷರಲ್ಲಿಯೂ ಒರಟುತನ. ಮೊದಲು ಹೆಸರನ್ನೋ ಸಂಬಂಧವನ್ನೋ ಹೇಳಿ ಪರಿಚಯ ಮಾಡಿಸಿ, ಆಮೇಲೆ ಸರ್ವನಾಮಕ್ಕೆ ಇಳಿಯಬೇಕು.

ಎರಡನೆಯ ತಪ್ಪು ‘ಹೀ’, ‘ಷೀ’ಗಳ ಅದಲುಬದಲು. ಕನ್ನಡದ ‘ಅವರು ಬಂದರು’ ಎಂಬುದರಲ್ಲಿ ಬಂದವರು ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ. ಗೌರವದ ಆವರಣ ಲಿಂಗವನ್ನು ಮರೆಮಾಡುತ್ತದೆ. ಹಿರಿಯರೆಲ್ಲರನ್ನೂ ‘ಅವರು’ ಎಂದೇ ನೆನೆದು ರೂಢಿಯಾದ ಮನಸ್ಸು, ಇಂಗ್ಲಿಷಿನಲ್ಲಿ ಥಟ್ಟನೆ ಆರಿಸಬೇಕಾಗಿ ಬಂದಾಗ ಕೈಗೆ ಸಿಕ್ಕಿದ ರೂಪವನ್ನು ಎತ್ತಿಕೊಳ್ಳುತ್ತದೆ. ಚನ್ನಪಟ್ಟಣದ ವಿಶೇಷವೆಂದರೆ, ಬೊಂಬೆಯ ಕೆಲಸದಲ್ಲಿ ತಲೆಮಾರುಗಳಿಂದ ನಿರತರಾದ ಉರ್ದು ಮನೆಮಾತಿನ ಕುಟುಂಬಗಳಿಗೆ ಇದೇ ತೊಡಕು ಬೇರೆ ದಾರಿಯಿಂದ ಬರುತ್ತದೆ. ಉರ್ದುವಿನ ‘ವೋ’ ಎಂಬುದು ಅವನು, ಅವಳು, ಅದು ಮೂರಕ್ಕೂ ಸಲ್ಲುವ ಪದ. ‘ವೋ ಆಯಾ’, ‘ವೋ ಆಯೀ’ ಎಂದು ಕ್ರಿಯಾಪದದ ತುದಿಯೇ ಲಿಂಗವನ್ನು ಹೇಳುತ್ತದೆ. ಮೇಲಾಗಿ ಆ ಭಾಷೆಯಲ್ಲಿ ‘ಉಸ್ಕಾ ಬೇಟಾ’, ‘ಉಸ್ಕೀ ಬೇಟೀ’ ಎಂದು, ಸಂಬಂಧಪದವು ಮಗನನ್ನೋ ಮಗಳನ್ನೋ ಅನುಸರಿಸಿ ಬದಲಾಗುತ್ತದೆಯೇ ಹೊರತು ತಂದೆ ತಾಯಿಯರನ್ನು ಅನುಸರಿಸುವುದಿಲ್ಲ. ಹಾಗಾಗಿ ಒಬ್ಬ ಗಂಡಸಿನ ಮಗಳನ್ನು ಕುರಿತು ‘ಹರ್ ಡಾಟರ್’ ಎಂದುಬಿಡುವ ಸಂಭವ ಅವರಿಗೆ ಹೆಚ್ಚು. ಈ ಒಂದು ಅಂಶದಲ್ಲಿ ಕನ್ನಡ ಇಂಗ್ಲಿಷಿಗೆ ಸಮೀಪವಾಗಿದೆ: ‘ಅವನ ಮಗಳು’, ‘ಅವಳ ಮಗ’ ಎಂದು ನಾವೂ ಒಡೆತನ ಯಾರದೆಂಬುದನ್ನೇ ನೋಡುತ್ತೇವೆ. ಕನ್ನಡದವರಿಗೂ ಉರ್ದುವಿನವರಿಗೂ ಉಪಯುಕ್ತವಾದ ಅಭ್ಯಾಸವೊಂದೇ: ವಾಕ್ಯವನ್ನು ಆರಂಭಿಸುವ ಮುನ್ನ, ಯಾರನ್ನು ಕುರಿತು ಮಾತೋ ಆ ವ್ಯಕ್ತಿಯನ್ನು ಹೆಸರಿನಿಂದ ಮನಸ್ಸಿಗೆ ತಂದುಕೊಳ್ಳುವುದು. ಮುಖ ಕಣ್ಣಮುಂದೆ ಬಂದರೆ ‘ಷೀ’ ತಾನಾಗಿ ನಾಲಗೆಗೆ ಬರುತ್ತದೆ.

ಇನ್ನು ರೂಪಗಳ ವಿಚಾರ. ಕರ್ತೃವಾದಾಗ ‘ಷೀ’, ಕರ್ಮವಾದಾಗಲೂ ‘ವಿತ್’, ‘ಫಾರ್’, ‘ಟು’ ಮೊದಲಾದ ಪದಗಳ ಮುಂದೆಯೂ ‘ಹರ್’, ಒಡೆತನದ ವಸ್ತುವಿನ ಹಿಂದೆ ನಿಲ್ಲುವಾಗಲೂ ‘ಹರ್’, ವಸ್ತುವಿನ ಹೆಸರಿಲ್ಲದೆ ಒಂಟಿಯಾಗಿ ನಿಲ್ಲುವಾಗ ‘ಹರ್ಸ್’, ‘ತನ್ನನ್ನು ತಾನು’ ಎಂಬರ್ಥದಲ್ಲಿಯೂ ‘ತಾನೇ ಸ್ವತಃ’ ಎಂಬರ್ಥದಲ್ಲಿಯೂ ‘ಹರ್‌ಸೆಲ್ಫ್’. ಪುಲ್ಲಿಂಗದಲ್ಲಿ ‘ಹಿಮ್’ ಬೇರೆ, ‘ಹಿಸ್’ ಬೇರೆ. ಸ್ತ್ರೀಲಿಂಗದಲ್ಲಿ ಆ ಎರಡು ಕೆಲಸಗಳನ್ನೂ ‘ಹರ್’ ಒಂದೇ ಮಾಡುತ್ತದೆ. ‘ಐ ಗೇವ್ ಹರ್ ಎ ಡಾಲ್’ ಎಂದರೆ ಅವಳಿಗೆ ಬೊಂಬೆ ಕೊಟ್ಟೆ. ‘ಐ ಸಾ ಹರ್ ಡಾಲ್’ ಎಂದರೆ ಅವಳ ಬೊಂಬೆಯನ್ನು ಕಂಡೆ. ‘ದ ಡಾಲ್ ಈಸ್ ಹರ್ಸ್’ ಎಂದರೆ ಬೊಂಬೆ ಅವಳದು. ಈ ‘ಹರ್ಸ್’ ಎಂಬುದರ ಕೊನೆಯ ಅಕ್ಷರಕ್ಕೆ ಮೊದಲು ಅನೇಕರು ಮೇಲುಚುಕ್ಕೆಯಿಟ್ಟು ಬರೆಯುತ್ತಾರೆ, ಅದು ತಪ್ಪು. ‘ಷೀಸ್’ ಎಂದು ಮೇಲುಚುಕ್ಕೆಯೊಡನೆ ಬರೆದರೆ ಮಾತ್ರ ಅದು ‘ಷೀ ಈಸ್’ ಅಥವಾ ‘ಷೀ ಹ್ಯಾಸ್’ ಎಂಬುದರ ಸಂಕ್ಷೇಪವಾಗಿ ಸಾಧುವಾಗುತ್ತದೆ. ಕ್ರಿಯಾಪದವೂ ಏಕವಚನದಲ್ಲಿಯೇ ಇರಬೇಕು: ‘ಷೀ ಗೋಸ್’, ‘ಷೀ ಹ್ಯಾಸ್’, ‘ಷೀ ಡಸ್ ನಾಟ್’. ಮನಸ್ಸಿನಲ್ಲಿ ‘ಅವರು’ ಎಂದು ಇಟ್ಟುಕೊಂಡು ‘ಷೀ ಹ್ಯಾವ್’ ಎಂದು ಹೇಳುವವರನ್ನು ಕಾಣುತ್ತೇವೆ. ಅಲ್ಲಿಯೂ ಅಡ್ಡ ಬರುವುದು ಆ ಹಳೆಯ ಗೌರವವೇ. ಕನ್ನಡದಲ್ಲಿ ‘ಬಂದಳು’ ಎಂದರೆ ಸಾಕು, ‘ಅವಳು’ ಎನ್ನದಿದ್ದರೂ ಅರ್ಥವಾಗುತ್ತದೆ. ಇಂಗ್ಲಿಷಿನ ‘ಕೇಮ್’ ಎಂಬುದರಲ್ಲಿ ಆ ಶಕ್ತಿಯಿಲ್ಲದ ಕಾರಣ ‘ಷೀ’ಯನ್ನು ಬಿಡುವಂತಿಲ್ಲ.

‘ಷೀ’ ಮತ್ತು ‘ಹರ್’ ಒಂದೇ ಪದದ ರೂಪಗಳಾಗಿದ್ದೂ ನೋಟಕ್ಕೆ ಇಷ್ಟು ಭಿನ್ನವಾಗಿರುವುದೇಕೆ ಎಂದು ಜಿಜ್ಞಾಸುಗಳಾದ ವಿದ್ಯಾರ್ಥಿಗಳು ಕೇಳುವುದುಂಟು. ಪ್ರಾಚೀನ ಇಂಗ್ಲಿಷಿನಲ್ಲಿ ‘ಅವಳು’ ಎಂಬುದಕ್ಕೆ ಹಕಾರದಿಂದ ಮೊದಲಾಗುವ ‘ಹೇಓ’ ಎಂಬ ರೂಪವಿತ್ತು. ಕಾಲಕ್ರಮದಲ್ಲಿ ಅದರ ಉಚ್ಚಾರಣೆ ಪುಲ್ಲಿಂಗದ ರೂಪಕ್ಕೆ ತೀರ ಹತ್ತಿರವಾಗಿ ಗೊಂದಲವಾಗತೊಡಗಿತು. 12ನೆಯ ಶತಮಾನದ ನಡುಗಾಲದಲ್ಲಿ ಪೀಟರ್‌ಬರೋ ಮಠದ ಸನ್ಯಾಸಿಗಳು ಬರೆದಿಟ್ಟ ವೃತ್ತಾಂತದಲ್ಲಿ ಇಂದಿನ ‘ಷೀ’ಯ ಪೂರ್ವರೂಪ ಕಾಣಿಸಿಕೊಳ್ಳುತ್ತದೆ. ಅದರ ಮೂಲದ ವಿಷಯದಲ್ಲಿ ಪಂಡಿತರಿಗೆ ಇಂದಿಗೂ ಐಕಮತ್ಯವಿಲ್ಲ. ‘ಹರ್’ ಮಾತ್ರ ಹಳೆಯ ಹಕಾರವನ್ನು ಉಳಿಸಿಕೊಂಡು ಬಂದಿತು.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರ ಹೊಣೆ ಇದಕ್ಕಿಂತಲೂ ಹೆಚ್ಚಿನದು, ಏಕೆಂದರೆ ಮೂಲದಲ್ಲಿಲ್ಲದ ಗೌರವದ ನಿರ್ಣಯವನ್ನು ಅವರೇ ಮಾಡಬೇಕಾಗುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗಿನ ರಸ್ತೆಯ ಬದಿಯಲ್ಲಿ ಆಲದ ಮರಗಳನ್ನು ಬೆಳೆಸಿ, 2019ರಲ್ಲಿ ಪದ್ಮಶ್ರೀಗೆ ಪಾತ್ರರಾದ ಸಾಲುಮರದ ತಿಮ್ಮಕ್ಕನವರನ್ನು ಕುರಿತು ಒಂದು ಇಂಗ್ಲಿಷ್ ವಾಕ್ಯವಿದೆಯೆಂದು ಇಟ್ಟುಕೊಳ್ಳೋಣ: ‘ಷೀ ಪ್ಲಾಂಟೆಡ್ ಬ್ಯಾನ್ಯನ್ ಟ್ರೀಸ್ ವಿತ್ ಹರ್ ಹಸ್ಬೆಂಡ್’. ನಿಘಂಟನ್ನು ಮುಂದಿಟ್ಟುಕೊಂಡವನು, ಅಥವಾ ಈಗಿನ ಕಾಲದ ಅನುವಾದಯಂತ್ರ, ‘ಅವಳು ಅವಳ ಗಂಡನೊಂದಿಗೆ ಆಲದ ಮರಗಳನ್ನು ನೆಟ್ಟಳು’ ಎಂದು ಬರೆದರೆ ಪದಕ್ಕೆ ಪದ ಸರಿಯಾಗಿದ್ದೂ ಕನ್ನಡಿಗನ ಕಿವಿಗೆ ಅದು ಒಬ್ಬ ಹಿರಿಯಳಿಗೆ ಮಾಡಿದ ಅಪಚಾರ. ‘ಅವರು ತಮ್ಮ ಪತಿಯೊಡನೆ ಆಲದ ಮರಗಳನ್ನು ನೆಟ್ಟರು’ ಎಂಬುದೇ ಸರಿಯಾದ ಕನ್ನಡ. ಇಲ್ಲಿ ಆದ ಎರಡು ಬದಲಾವಣೆಗಳಲ್ಲಿ ಗೌರವದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದನ್ನು ಬಲ್ಲವರೂ ಮರೆಯುತ್ತಾರೆ. ‘ತನ್ನ’, ‘ತಮ್ಮ’ ಎಂಬ ಆತ್ಮಾರ್ಥಕ ಸರ್ವನಾಮಗಳು ಕನ್ನಡದ ಬಹುದೊಡ್ಡ ಸಂಪತ್ತು. ‘ಗೌರಮ್ಮ ತನ್ನ ಮಗಳನ್ನು ಕರೆದಳು’ ಎಂದರೆ ಗೌರಮ್ಮನದೇ ಮಗಳು. ‘ಗೌರಮ್ಮ ಅವಳ ಮಗಳನ್ನು ಕರೆದಳು’ ಎಂದರೆ ಬೇರೊಬ್ಬಳ ಮಗಳು. ಇಂಗ್ಲಿಷಿನ ‘ಹರ್ ಡಾಟರ್’ ಎರಡಕ್ಕೂ ಸಲ್ಲುವುದರಿಂದ ಸಂದರ್ಭವನ್ನು ನೋಡಿಯೇ ಅರ್ಥಮಾಡಿಕೊಳ್ಳಬೇಕು. ಇತ್ತೀಚಿನ ಅನುವಾದಗಳಲ್ಲಿ, ಜಾಹೀರಾತುಗಳಲ್ಲಿ, ಶಾಲೆಯ ಪುಸ್ತಕಗಳಲ್ಲಿ ಕೂಡ ‘ತನ್ನ’ ಇರಬೇಕಾದೆಡೆ ‘ಅವಳ’ ಬಂದು ಕುಳಿತಿರುವುದನ್ನು ಕಂಡಾಗ ನನಗೆ ವ್ಯಸನವಾಗುತ್ತದೆ. ನಮ್ಮಲ್ಲಿರುವ ಸ್ಪಷ್ಟತೆಯನ್ನು ಕೈಯಾರೆ ಕಳೆದುಕೊಂಡು ಇನ್ನೊಂದು ಭಾಷೆಯ ಸಂದಿಗ್ಧತೆಯನ್ನು ತಂದುಕೊಳ್ಳುವುದು ವಿವೇಕವಲ್ಲ.

‘ಆಕೆ’ ಎಂಬ ರೂಪದ ವಿಷಯದಲ್ಲಿಯೂ ಒಂದು ಮಾತು. ‘ಅವಳು’ ಎಂಬುದರ ಸಲಿಗೆಯೂ ‘ಅವರು’ ಎಂಬುದರ ಭಾರವೂ ಇಲ್ಲದ ಈ ನಡುವಣ ರೂಪವು ಕಥೆಗಾರರಿಗೂ ಪತ್ರಕರ್ತರಿಗೂ ಬಹು ಅನುಕೂಲವಾದದ್ದು. ‘ಆಕೆ ಬಂದಳು’ ಎಂಬುದೇ ಇದರ ಸಹಜವಾದ ಅನ್ವಯ.

ಮನುಷ್ಯರಲ್ಲದವುಗಳ ವಿಷಯದಲ್ಲಿ ಎರಡು ಭಾಷೆಗಳ ದಾರಿ ಮತ್ತೆ ಬೇರೆಯಾಗುತ್ತದೆ. ಹಸು ಕರು ಹಾಕಿತು, ಎಮ್ಮೆ ಹಾಲು ಕೊಟ್ಟಿತು ಎಂದು ನಾವು ಪ್ರಾಣಿಗಳನ್ನೆಲ್ಲ ನಪುಂಸಕದಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಹೆಣ್ಣೆಂದು ತಿಳಿದಿರುವ ಹಸುವನ್ನು, ಅದರಲ್ಲೂ ಮನೆಯಲ್ಲಿ ಸಾಕಿದ್ದನ್ನು, ‘ಷೀ’ ಎನ್ನುವುದು ಸಹಜ. ಮಗು ಎಂಬುದನ್ನು ನಮ್ಮ ವೈಯಾಕರಣರು ನಿತ್ಯನಪುಂಸಕವೆಂದು ಕರೆದಿದ್ದಾರೆ. ‘ಮಗು ಅಳುತ್ತದೆ’ ಎಂಬಲ್ಲಿ ವಾತ್ಸಲ್ಯಕ್ಕೆ ಕೊರತೆಯಿಲ್ಲ. ಅದನ್ನೇ ‘ಇಟ್ ಈಸ್ ಕ್ರೈಯಿಂಗ್’ ಎಂದು ತಾಯಿಯೊಬ್ಬಳು ತನ್ನ ಹೆಣ್ಣುಮಗುವಿನ ವಿಷಯದಲ್ಲಿ ಹೇಳಿದರೆ ಕೇಳುವವರಿಗೆ ನಿರ್ದಯವಾಗಿ ತೋರುತ್ತದೆ. ಶಾಲೆಯ ಡೈರಿಯಲ್ಲಿಯೂ ವೈದ್ಯರ ಎದುರಿನಲ್ಲಿಯೂ ‘ಷೀ’ ಎಂದೇ ಹೇಳಬೇಕು. ಬೊಂಬೆಯ ಮಾತು ಬೇರೆ. ರಾಜ ರಾಣಿಯರ ಜೋಡಿಬೊಂಬೆಯನ್ನು ಮಗುವಿಗೆ ತೋರಿಸುವಾಗ ರಾಣಿಯನ್ನು ‘ಷೀ’ ಎನ್ನುವುದು ಚೆನ್ನು. ಬಿಲ್ಲಿನಲ್ಲಿ, ಸರಕಿನ ಪಟ್ಟಿಯಲ್ಲಿ, ವರ್ತಕರಿಗೆ ಬರೆಯುವ ಪತ್ರದಲ್ಲಿ ಅದೇ ಬೊಂಬೆ ‘ಇಟ್’. ಕನಕಪುರದ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮುಂದೆ ಹರಿಯುವ ಕಾವೇರಿಯನ್ನು ಭಕ್ತಿಯಿಂದ ನೆನೆದಾಗ ನಾವು ‘ಹರಿದಳು’ ಎನ್ನುತ್ತೇವೆ, ನೀರಿನ ಲೆಕ್ಕ ಹೇಳುವಾಗ ‘ಹರಿಯಿತು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿಯೂ ನದಿ, ದೇಶ, ಹಡಗುಗಳಿಗೆ ಕಾವ್ಯದಲ್ಲಿ ‘ಷೀ’ ಸಲ್ಲುತ್ತದೆ, ವ್ಯವಹಾರದಲ್ಲಿ ಸಾಮಾನ್ಯವಾಗಿ ಸಲ್ಲದು. ಹಡಗುಗಳ ವಾರ್ತೆಗೆ ಪ್ರಸಿದ್ಧವಾದ ಲಂಡನ್ನಿನ ‘ಲಾಯ್ಡ್ಸ್ ಲಿಸ್ಟ್’ ಪತ್ರಿಕೆಯೂ 2002ರಲ್ಲಿ ಹಡಗನ್ನು ‘ಷೀ’ ಎನ್ನುವ ಪದ್ಧತಿಯನ್ನು ಬಿಟ್ಟಿತು. ಕಬ್ಬಾಳಮ್ಮನಂಥ ದೇವತೆಯ ಪ್ರಸಂಗದಲ್ಲಿಯಾದರೋ ‘ಷೀ’ ಎಂಬುದೇ ಯೋಗ್ಯ.

ಕಾನೂನಿನ ಇಂಗ್ಲಿಷು ಬಹುಕಾಲದಿಂದ ‘ಷೀ’ಯನ್ನು ‘ಹೀ’ಯೊಳಗೆ ಅಡಗಿಸಿಟ್ಟಿದೆ. 1860ರ ಭಾರತೀಯ ದಂಡಸಂಹಿತೆಯ 8ನೆಯ ಕಲಮು ‘ಹೀ’ ಎಂಬ ಸರ್ವನಾಮವು ಗಂಡಸಿಗೂ ಹೆಂಗಸಿಗೂ ಅನ್ವಯವಾಗುತ್ತದೆಂದು ವಿಧಿಸಿತು. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಕಲಮೂ ಅದೇ ನ್ಯಾಯವನ್ನು ಹೇಳುತ್ತದೆ. ಕರಾರುಪತ್ರಗಳಲ್ಲಿ, ಬ್ಯಾಂಕಿನ ಕಾಗದಗಳಲ್ಲಿ ‘ಹೀ’ ಎಂದಿರುವುದನ್ನು ಕಂಡು ಇದು ತಮಗೆ ಅನ್ವಯಿಸದೆಂದು ಯಾವ ಮಹಿಳೆಯೂ ತಿಳಿಯಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಈ ‘ಹೀ’ಯ ವ್ಯಾಪ್ತಿಯೊಳಗೆ ತೃತೀಯಲಿಂಗಿಗಳನ್ನೂ ಹೆಸರಿಸಿ ಸೇರಿಸಿದೆ.

ಬೆಂಗಳೂರಿನ ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರು ಮಿಂಚಂಚೆಯ ಕೊನೆಯಲ್ಲಿ ಸಹಿಯ ಪಕ್ಕಕ್ಕೆ ‘ಷೀ’, ‘ಹರ್’ ಎಂದು ಎರಡು ಪದಗಳನ್ನು ನಡುವೆ ಓರೆಗೆರೆಯೆಳೆದು ಬರೆದಿರುವುದನ್ನು ನೋಡಿ ಇದೇನೆಂದು ವಿಚಾರಿಸುತ್ತಾರೆ. ಕರ್ತೃರೂಪವನ್ನೂ ಕರ್ಮರೂಪವನ್ನೂ ಒಟ್ಟಿಗೆ ಬರೆದು, ‘ನನ್ನನ್ನು ಕುರಿತು ಮಾತನಾಡುವಾಗ ಈ ಸರ್ವನಾಮಗಳನ್ನು ಬಳಸಿರಿ’ ಎಂದು ಪತ್ರ ಬರೆದವರು ತಿಳಿಸುತ್ತಿದ್ದಾರೆ. ಅಷ್ಟೇ ಅದರ ಅರ್ಥ. ಇದರ ಪ್ರಯೋಜನ ಸಣ್ಣದಲ್ಲ. ಶಶಿ, ಕಿರಣ್, ಸುಮನ್ ಎಂಬ ಹೆಸರುಗಳಿಂದ ಗಂಡೋ ಹೆಣ್ಣೋ ನಿಶ್ಚಯಿಸಲಾಗದು. ಪರದೇಶದವರಿಗಂತೂ ನಮ್ಮ ಹೆಸರುಗಳು ಮತ್ತಷ್ಟು ಅಪರಿಚಿತ. ಇದಕ್ಕಿಂತ ಮುಖ್ಯವಾದ ಕಾರಣವೂ ಉಂಟು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗವನ್ನು ತಾನೇ ನಿರ್ಧರಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತು. ಜೋಗತಿ ನೃತ್ಯದ ಕಲಾವಿದೆ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು ಆದ ಮಂಜಮ್ಮ ಜೋಗತಿಯವರನ್ನು ಇಂಗ್ಲಿಷಿನಲ್ಲಿ ‘ಷೀ’ ಎಂದೂ ಕನ್ನಡದಲ್ಲಿ ‘ಅವರು’ ಎಂದೂ ಬರೆಯುವುದೇ ಸರಿ; ಹುಟ್ಟಿದಾಗಿನ ದಾಖಲೆಯನ್ನು ಹುಡುಕಿ ‘ಹೀ’ ಎನ್ನುವುದು ವ್ಯಾಕರಣವಲ್ಲ, ನೋವು ಕೊಡುವ ಕೆಲಸ. ಲಿಂಗವೇ ತಿಳಿಯದಿದ್ದಾಗ, ಅಥವಾ ಆ ವ್ಯಕ್ತಿಯೇ ಹಾಗೆ ಬಯಸಿದಾಗ, ಒಬ್ಬರಿಗೂ ‘ದೇ’ ಎಂದು ಬಳಸುವ ವಾಡಿಕೆ ಇಂಗ್ಲಿಷಿನಲ್ಲಿ ಹಿಂದಿನಿಂದಲೂ ಇದ್ದು, ಈಗ ವಿಸ್ತಾರಗೊಂಡಿದೆ. ತಾಯಿಗೆ ‘ದೇ’ ಸಲ್ಲದೆಂದು ಹಿಂದೆ ಹೇಳಿದ್ದಕ್ಕೂ ಇದಕ್ಕೂ ವಿರೋಧವಿಲ್ಲ: ಇಲ್ಲಿನ ‘ದೇ’ ಗೌರವಾರ್ಥಕವಲ್ಲ. ಕನ್ನಡದ ‘ಅವರು’ ಮಾತ್ರ ಗೌರವಕ್ಕೂ ಲಿಂಗದ ಅನಿಶ್ಚಯಕ್ಕೂ ಒಟ್ಟಿಗೆ ಒದಗುತ್ತದೆ. ಈ ವಿಷಯದಲ್ಲಿ ಕನ್ನಡಿಗರು ಹೊಸ ಪದವೊಂದನ್ನು ಹುಡುಕುವ ಕಷ್ಟಕ್ಕೆ ಒಳಗಾಗಬೇಕಾಗಿಲ್ಲ.

ಶಾಲೆಗಳ ಪ್ರಮಾಣಪತ್ರಗಳಲ್ಲಿ ‘ಹಿಸ್’, ‘ಹರ್’ ಎಂದು ಎರಡನ್ನೂ ಅಚ್ಚುಮಾಡಿ, ಸಲ್ಲದ್ದನ್ನು ಹೊಡೆದುಹಾಕಲೆಂದು ಬಿಟ್ಟಿರುತ್ತಾರೆ. ಹೊಡೆದುಹಾಕದೆ ಸಹಿ ಮಾಡಿಕೊಟ್ಟ ಪತ್ರ ಮುಂದೆ ಉದ್ಯೋಗಕ್ಕೋ ಪಾಸ್‌ಪೋರ್ಟಿಗೋ ಹೋದಾಗ ಸಂಶಯಕ್ಕೆ ಆಸ್ಪದ ಕೊಡಬಹುದು. ಕೈಗೆ ಬಂದೊಡನೆ ಓದಿ, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳಿರಿ. ಅಪರಿಚಿತ ವರ್ತಕರಿಗೆ ಪತ್ರ ಬರೆಯುವ ಬೊಂಬೆಯಂಗಡಿಯವರು ‘ಡಿಯರ್ ಸರ್’ ಎಂದು ಆರಂಭಿಸುವ ಹಳೆಯ ಅಭ್ಯಾಸವನ್ನು ಬಿಟ್ಟು, ಅವರ ಪತ್ರದ ಕೊನೆಯ ಸಹಿಯಲ್ಲಿ ಇರುವ ಪೂರ್ಣ ಹೆಸರನ್ನು ಹಾಗೆಯೇ ಬರೆಯಲಿ. ಕೊಳ್ಳುವವರಲ್ಲಿ ಎಷ್ಟೋ ಮಂದಿ ಮಹಿಳೆಯರಿದ್ದಾರೆ. ಸರ್ವನಾಮ ಯಾವುದೆಂದು ತಿಳಿಯದೆ ಹೋದರೆ ವಿನಯದಿಂದ ಕೇಳಿಬಿಡಿರಿ; ಹಾಗೆ ಕೇಳುವುದನ್ನು ಇಂದಿನ ಇಂಗ್ಲಿಷ್ ವ್ಯವಹಾರದಲ್ಲಿ ಸಾಮಾನ್ಯವಾಗಿ ತಪ್ಪೆಂದು ಎಣಿಸುವುದಿಲ್ಲ.